ಹಿಮೋಗ್ಲೋಬಿನ್ ಸರಿಯಿದ್ದರೂ ಕಾಲು ಯಾಕೆ ಸುಮ್ಮನಿರದು?

ಶಿರಾ ಕಡೆಯ ಓದುಗರೊಬ್ಬರ ಪತ್ರದ ಸಾರ: "ರಾತ್ರಿ ಮಲಗಿದ ಕೂಡಲೇ ಮೊಣಕಾಲ ಕೆಳಗೆ ಏನೋ ಹರಿದಾಡಿದಂತಾಗಿ ಕಾಲು ಆಡಿಸಲೇಬೇಕು ಅನ್ನಿಸುತ್ತದೆ. ಎದ್ದು ಓಡಾಡಿದರೆ ಹೋಗುತ್ತದೆ. ಅಮ್ಮನಿಗೂ ಹೀಗೇ. ಹಿಮೋಗ್ಲೋಬಿನ್ 12.4, ರಕ್ತ ಚೆನ್ನಾಗಿದೆ ಅಂದರು. ಜೀನ್ ಪರೀಕ್ಷೆ ಮಾಡಿಸಲೇ? ಮಗಳಿಗೂ ಬರುತ್ತದೆಯೇ?"

ಜೀನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ.

ನೀವು ಬರೆದಿರುವುದು ರೆಸ್ಟ್‌ಲೆಸ್ ಲೆಗ್ಸ್ ತೊಂದರೆಯ ಲಕ್ಷಣ. ಪಾವಗಡದ ಕಡೆ ಕಾಣುವ ಫ್ಲೋರೈಡ್ ನೀರಿನ ಮೂಳೆನೋವಾದರೆ ನಾಲ್ಕು ಹೆಜ್ಜೆ ಹಾಕಿದ ಕೂಡಲೇ ಮಾಯವಾಗದು, ರಾತ್ರಿಗೆಂದೇ ಕಾದು ಬಾರದು.

ಇದು ಮನೆತನದಲ್ಲಿ ಹರಿಯುವುದು ನಿಜ. 2007ರಲ್ಲಿ ಎಂಇಐಎಸ್1, ಬಿಟಿಬಿಡಿ9 ಜೀನ್‌ಗಳ ನಂಟು ಸಿಕ್ಕಿತು. ಈಗ ಇಂಥ ಜೀನ್ ತಾಣಗಳು ನೂರು ದಾಟಿವೆ. ಒಂದೊಂದರ ಪಾಲೂ ಚಿಕ್ಕದು, ಅವನ್ನು ಹೊತ್ತೂ ನೆಮ್ಮದಿಯಾಗಿ ನಿದ್ದೆ ಮಾಡುವವರೇ ಹೆಚ್ಚು. ಹಾಗಾಗಿ ವರದಿ ಬಂದರೂ ಚಿಕಿತ್ಸೆ ಬದಲಾಗದು. ಐಸ್‌ಲ್ಯಾಂಡಿನವರಲ್ಲಿ ಮಾತ್ರ ಒಂದು ಸುಳಿವು ಸಿಕ್ಕಿತು: ಬಿಟಿಬಿಡಿ9ರ ಅಪಾಯ ಹೆಚ್ಚಿಸುವ ರೂಪದ ಒಂದೊಂದು ನಕಲಿಗೂ ಫೆರಿಟಿನ್ ಸುಮಾರು 13% ಕಡಿಮೆ.

ಕಬ್ಬಿಣಕ್ಕೂ ಕಾಲಿಗೂ ಏನು ಸಂಬಂಧ? ಕೈಕಾಲಿನ ಚಲನೆಯನ್ನು ಹಿಡಿತದಲ್ಲಿಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಮೆದುಳಿನಲ್ಲಿ ತಯಾರಿಸುವ ಟೈರೋಸಿನ್ ಹೈಡ್ರಾಕ್ಸಿಲೇಸ್ ಕಿಣ್ವಕ್ಕೆ ಕಬ್ಬಿಣ ಬೇಕು. ಈ ತೊಂದರೆ ಇರುವವರ ಮೆದುಳಿನ ಕೆಲವು ಭಾಗಗಳಲ್ಲಿ, ರಕ್ತದಲ್ಲಿ ಸಾಕಷ್ಟಿದ್ದರೂ, ಕಬ್ಬಿಣ ಕಡಿಮೆ ಇರುತ್ತದೆ. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯ ರಾಗಿ, ಫೆರಿಟಿನ್ ಅಂದರೆ ಕಣಜದ್ದು. ಡಬ್ಬಿ ತುಂಬಿದೆ ಅಂದಮಾತ್ರಕ್ಕೆ ಕಣಜವೂ ತುಂಬಿದೆ ಅನ್ನಲಾಗದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದು) ಎರಡಕ್ಕೂ ರಕ್ತ ಕೊಡಿ. ಜ್ವರವಿದ್ದಾಗ ಬೇಡ, ಫೆರಿಟಿನ್ ಸುಳ್ಳೇ ಏರಿರುತ್ತದೆ. ಲ್ಯಾಬಿನವರು ಫೆರಿಟಿನ್ 20 (ಮಿ.ಲೀ.ಗೆ ನ್ಯಾನೊಗ್ರಾಂ ಲೆಕ್ಕ) ಕಂಡರೂ "ನಾರ್ಮಲ್" ಎಂದು ಅಚ್ಚು ಹಾಕಿಕೊಡುತ್ತಾರೆ. ಈ ತೊಂದರೆಗೆ ಲೆಕ್ಕ ಬೇರೆ. ಫೆರಿಟಿನ್ 75 ಅಥವಾ ಕಡಿಮೆ, ಸ್ಯಾಚುರೇಷನ್ 45%ಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕೇಳಿ ಸುಮಾರು 60 ಮಿ.ಗ್ರಾಂ ಕಬ್ಬಿಣದ ಮಾತ್ರೆ, ನಿಂಬೆಪಾನಕದ ಜೊತೆ, ದಿನ ಬಿಟ್ಟು ದಿನ. ದಿನವೂ ನುಂಗಿದರೆ ಕಬ್ಬಿಣದ ಹೀರಿಕೆ ತಡೆಯುವ ಹೆಪ್ಸಿಡಿನ್ ಹಾರ್ಮೋನು ಏರಿ, ಮರುದಿನದ ಮಾತ್ರೆ ಸರಿಯಾಗಿ ಹೀರಿಕೆಯಾಗದು. ಮಾತ್ರೆಯ ಹಿಂದೆಮುಂದೆ ಎರಡು ಗಂಟೆ ಕಾಫಿ, ಟೀ ಬೇಡ. ಮಲ ಕಪ್ಪಾದರೆ ಹೆದರಬೇಡಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ರಾಗಿಯಲ್ಲಿ ಕಬ್ಬಿಣವಿದೆ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿದ ಹಿಟ್ಟು ಮೇಲು.

ನೆಗಡಿಗೆ, ವಾಂತಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳನ್ನೂ ನೋಡಿ. ನಿದ್ದೆ ತರಿಸುವ ಕ್ಲೋರ್ಫೆನಿರಮಿನ್, ಡೋಪಮೈನ್ ತಡೆಯುವ ಮೆಟೊಕ್ಲೊಪ್ರಮೈಡ್ ಎರಡೂ ಕಾಲಿನ ಕಾಟ ಹೆಚ್ಚಿಸುತ್ತವೆ. ಈ ತೊಂದರೆಗೆ ಕೊಡುವ, ಡೋಪಮೈನ್‌ನಂತೆ ಕೆಲಸ ಮಾಡುವ ಪ್ರಾಮಿಪೆಕ್ಸೋಲ್ ಮಾತ್ರೆ ಮೊದಮೊದಲು ಮಂತ್ರ ಹಾಕಿದಂತೆ ಕೆಲಸ ಮಾಡಿದರೂ ವರ್ಷಗಳಲ್ಲಿ ಕಾಟ ಸಂಜೆಯಿಂದಲೇ ಶುರುವಾಗಿ ಕೈಗೂ ಹಬ್ಬಬಹುದು. ಆದ್ದರಿಂದಲೇ ಈಗ ಗಾಬಾಪೆಂಟಿನ್ ಗುಂಪಿನ ಔಷಧಿ ಮೊದಲು.

ಮಗಳಿಗೆ ಬಂದೇಬರುತ್ತದೆ ಎಂದೇನಿಲ್ಲ. ರಾತ್ರಿ ಕಾಲು ಒತ್ತು ಎಂದು ಪದೇಪದೇ ಕೇಳುತ್ತಿದ್ದರೆ "ಬೆಳೆಯೋ ನೋವು" ಎಂದು ಸುಮ್ಮನಾಗದೆ ಅವಳದೂ ಫೆರಿಟಿನ್ ನೋಡಿಸಿ. ಮಕ್ಕಳಿಗೆ ಗಡಿ 50.