ಪ್ರತಿಕ್ರಿಯೆ: ಎಂಎಸ್ ಇದ್ದವರು ನಗೆಕೂಟಕ್ಕೆ ಹೋಗಬಹುದಾ?

ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವ ಹೆಂಡತಿಯನ್ನು ಪಾರ್ಕಿನ ನಗೆಕೂಟಕ್ಕೆ ಕರೆದುಕೊಂಡು ಹೋಗಬಹುದಾ, ಅದರಿಂದ ನಮ್ಮಿಬ್ಬರ ನಡುವಿನ ದೂರ ಕಡಿಮೆಯಾಗುತ್ತಾ ಅಂತ ಕೇಳಿದ್ದೀರಿ. ನನಗೂ ಎಂಎಸ್ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಧಾರಾಳವಾಗಿ ಹೋಗಿ. 1995ರಲ್ಲಿ ಮುಂಬೈಯ ಡಾ. ಮದನ್ ಕಟಾರಿಯಾ ನಾಲ್ಕೈದು ಜನರನ್ನು ಕಟ್ಟಿಕೊಂಡು ಪಾರ್ಕಿನಲ್ಲಿ ಶುರುಮಾಡಿದ್ದು ಇದು. ಜೋಕು ಬೇಕಿಲ್ಲ, ‘ಹೊ ಹೊ, ಹ ಹ ಹ’ ಅಂತ ಚಪ್ಪಾಳೆ, ನಡುನಡುವೆ ದೀರ್ಘ ಉಸಿರು. ಆದರೆ ನಿಮ್ಮ ಹೆಂಡತಿಗೊಂದು ಕುರ್ಚಿ ಇರಲಿ, ನಮಗೆ ಬೇಗ ಆಯ ತಪ್ಪುತ್ತದೆ. ಬೆಳಗಿನ ತಂಪಿನಲ್ಲೇ ಹೋಗಿ. ಮೈ ಬಿಸಿಯಾದರೆ ಕಣ್ಣು ಮಂಜಾಗುವುದು, ಕಾಲು ಸೋಲುವುದು ನಮ್ಮಲ್ಲಿ ಮಾಮೂಲು. ನಗುವಾಗ ಎರಡು ಹನಿ ಜಾರೀತೆಂಬ ಹೆದರಿಕೆಗೇ ನಾನು ತಿಂಗಳುಗಟ್ಟಲೆ ಹೋಗಿರಲಿಲ್ಲ. ಹೊರಡುವ ಮುಂಚೆ ಬಾತ್‌ರೂಮಿಗೆ ಹೋಗಿಬರಲಿ.

ಇನ್ನು ಎರಡನೆಯದು, ನಿಮ್ಮಿಬ್ಬರ ನಡುವಿನ ದೂರ. ನಗು ನರದ ಹೊದಿಕೆಯನ್ನೇನೂ ರಿಪೇರಿ ಮಾಡಲ್ಲ. ಸ್ಪರ್ಶ ಮಂಕಾಗುವುದು, ಸುಸ್ತು, ಆಸೆ ಕುಗ್ಗುವುದು ಕಾಯಿಲೆಯಿಂದಲೂ ಬರುತ್ತದೆ, ನಿಮ್ಮ ಮೇಲಿನ ಬೇಸರ ಅಂದುಕೊಳ್ಳಬೇಡಿ. ನರರೋಗ ವೈದ್ಯರ ಹತ್ತಿರ ನಾಚದೆ ಹೇಳಿ.

ನಮ್ಮ ಮನೆಯಲ್ಲಿ ಆಗಿದ್ದು ಇಷ್ಟೇ: ಇವರು ನಾಲಿಗೆ ಚಾಚಿ ‘ಸಿಂಹ ನಗೆ’ ಮಾಡಿದ್ದು ನೋಡಿ ನನಗೆ ನಿಜವಾಗಿಯೇ ನಗು ಬಂತು. ಅವತ್ತು ರಾತ್ರಿ, ‘ಎಡಗೈ ಮುಟ್ಟಿದರೆ ಗೊತ್ತಾಗಲ್ಲರೀ, ಬಲಗೈ ಹಿಡ್ಕೊಳ್ಳಿ’ ಅಂದೆ. ಎರಡು ವರ್ಷದಿಂದ ಬಾಯಿಗೆ ಬಂದಿರದ ಮಾತು.