ಟೀಚರಲ್ಲಿ ಕೇಳಿ: ಐರ್ಲೆಂಡಿನ ಇಗರ್ಜಿ, ನಮ್ಮ ಮಕ್ಕಳು

ಎರಡು ಸಂಚಿಕೆಗಳ ಹಿಂದೆ ಒಂದು ಪ್ಯಾರಾ ಬರೆದಿದ್ದೆ. 2023ರಲ್ಲಿ ಐರ್ಲೆಂಡಿನ ಡ್ರಾಹೆಡಾ ಪಟ್ಟಣದಲ್ಲಿ ನರ್ಸ್ ಆಗಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದೆ, ಅಲ್ಲಿನ ಬಿಷಪರ ಊರು ಮಾತ್ರ ಬೇರೆ ದೇಶದಲ್ಲಿದೆ ಅಂತ. ಅಷ್ಟಕ್ಕೇ ಇಷ್ಟು ಪತ್ರ! ನಮ್ಮ ಕಾಸರಗೋಡಿನಿಂದ ಅಲ್ಲಿಗೆ ಹೋದವರು, ಹೋಗಲು ಕಾಯುತ್ತಿರುವವರು ಎಷ್ಟು ಜನ ಇದ್ದಾರೆ ಅಂತ ನನಗೆ ಈಗ ಗೊತ್ತಾಯಿತು. ಈ ಸಲ ಆ ಪತ್ರಗಳಿಗೇ ಜಾಗ.

*ಟೀಚರೇ, ನನ್ನ ಮಗಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಹೊರಡುತ್ತಾಳೆ. ಅಲ್ಲಿ ಈಗ ಯಾರೂ ಇಗರ್ಜಿಗೆ (ಚರ್ಚಿಗೆ) ಹೋಗುವುದಿಲ್ಲ ಅಂತ ಇವರು ಹೆದರಿಸುತ್ತಾರೆ. ಒಂದು ದಿನವೂ ತೇರ್ಸ್ (ಜಪಮಾಲೆ ಪ್ರಾರ್ಥನೆ) ತಪ್ಪಿಸದ ಮಗು. ಅಲ್ಲಿ ಅವಳ ನಂಬಿಕೆ ಉಳಿಯುತ್ತದಾ?* – ಒಬ್ಬ ತಾಯಿ, ಬೇಳ

ತಂಗೀ, ಈ ಹೆದರಿಕೆ ನನಗೂ ಇತ್ತು. ಅಲ್ಲಿ ಹೋದ ಮೊದಲ ಭಾನುವಾರ ಪೂಜೆಗೆ ಹೋದೆ. ಎಷ್ಟು ದೊಡ್ಡ ಇಗರ್ಜಿ! ಹಿಂದಿನ ಬೆಂಚುಗಳೆಲ್ಲ ಖಾಲಿ. ಬಂದವರಲ್ಲಿ ಜಾಸ್ತಿ ಜನ ನನ್ನ ಪ್ರಾಯದವರು. ಹಬ್ಬದ ದಿನ ಒಳಗೆ ಜಾಗ ಸಿಗದೆ ಅಂಗಳದಲ್ಲಿ ನಿಂತು ಪೂಜೆ ಕೇಳಿದವಳು ನಾನು. ಅಲ್ಲಿ ಕೂತು ಅತ್ತೆ.

ನಿಮ್ಮ ಮನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. 2011ರ ಜನಗಣತಿಯಲ್ಲಿ ನೂರಕ್ಕೆ 84 ಜನ ತಾವು ಕಥೊಲಿಕರು ಅಂತ ಬರೆಸಿದ್ದರು. 2022ರಲ್ಲಿ ಅದು 69ಕ್ಕೆ ಇಳಿಯಿತು. ಬರೆಸಿದವರೆಲ್ಲ ಪೂಜೆಗೆ ಬರುವುದೂ ಇಲ್ಲ. ಪಾದ್ರಿಗಳು ಕಮ್ಮಿ. ಒಬ್ಬರೇ ಎರಡು ಮೂರು ಇಗರ್ಜಿ ನೋಡಿಕೊಳ್ಳುತ್ತಾರೆ. ನಮ್ಮ ದೇಶದಿಂದ, ನೈಜೀರಿಯಾದಿಂದ ಹೋದ ಪಾದ್ರಿಗಳೂ ಇದ್ದಾರೆ.

ಆದರೆ ನಾನು ಬೆಂಚು ಮಾತ್ರ ಎಣಿಸುತ್ತಿದ್ದೆ. ಮನೆಗಳ ಒಳಗೆ ಏನಿದೆ ಅಂತ ಕಂಡದ್ದು ಏಪ್ರಿಲ್‌ನಲ್ಲಿ. ಮಗಳ ಜೊತೆ ಕೆಲಸ ಮಾಡುವ ಹುಡುಗಿಯ ತವರು ಪಶ್ಚಿಮದ ಮೇಯೋ ಕೌಂಟಿಯ ಒಂದು ಹಳ್ಳಿ. ಅವರ ಮನೆಯಲ್ಲಿ 'ಸ್ಟೇಷನ್' ಇದೆ, ಅಮ್ಮನನ್ನೂ ಕರೆದುಕೊಂಡು ಬಾ ಅಂದಳು. ಸ್ಟೇಷನ್ ಅಂದರೆ ಮನೆಯಲ್ಲಿ ನಡೆಯುವ ಪೂಜೆ. ಹಳ್ಳಿಯ ಮನೆಗಳಿಗೆ ಸರದಿ ಇರುತ್ತದೆ. ಸರದಿ ಬಂದವರು ಗೋಡೆಗೆ ಬಣ್ಣ ಹೊಡೆಸುತ್ತಾರೆ, ಗೇಟು ರಿಪೇರಿ ಮಾಡಿಸುತ್ತಾರೆ, ಕಿಟಕಿಗೆ ಹೊಸ ಪರದೆ ಹಾಕುತ್ತಾರೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಹೇಗೋ ಹಾಗೆ. ಅಡುಗೆಮನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿದರು, ಅದೇ ಪೀಠ. ಪಕ್ಕದಲ್ಲಿ ಒಲೆ ಉರಿಯುತ್ತಿತ್ತು. ಭಾನುವಾರ ಇಗರ್ಜಿಯಲ್ಲಿ ಕಾಣದ ಗಂಡಸರು, ಕಾಲೇಜು ಮಕ್ಕಳು ಎಲ್ಲ ಬಂದಿದ್ದರು. ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ಆ ವರ್ಷ ತೀರಿಕೊಂಡ ನೆರೆಯವರ ಹೆಸರನ್ನು ಒಂದೊಂದಾಗಿ ಓದಿದರು. ಆಮೇಲೆ ಚಹಾ, ಬ್ರೆಡ್ಡು, ಕೇಕು, ಮಧ್ಯಾಹ್ನದವರೆಗೆ ಮಾತು.

ಇದು ಯಾವಾಗ ಶುರುವಾದದ್ದು ಗೊತ್ತಾ? 1690ರ ದಶಕದಿಂದ ಇಂಗ್ಲಿಷರ ಆಡಳಿತ ಕಥೊಲಿಕರನ್ನು ಅದುಮುವ ಕಾನೂನುಗಳನ್ನು ತಂದಿತು. ಆಗ ಪೂಜೆ ಮನೆಗಳಲ್ಲಿ, ಗುಡ್ಡದಲ್ಲಿ ಕಲ್ಲಿನ ಮೇಲೆ ಗುಟ್ಟಾಗಿ ನಡೆಯುತ್ತಿತ್ತು. ಆ ಕಲ್ಲುಗಳು ಈಗಲೂ ಇವೆ, 'ಮಾಸ್ ರಾಕ್' ಅನ್ನುತ್ತಾರೆ. ಕಾನೂನು ಹೋಯಿತು, ಇಗರ್ಜಿ ಎದ್ದಿತು, ಮನೆಯ ಪೂಜೆ ಮಾತ್ರ ಕೆಲವು ಹಳ್ಳಿಗಳಲ್ಲಿ ಹಾಗೇ ಉಳಿಯಿತು. 1784ರಲ್ಲಿ ಟಿಪ್ಪು ನಮ್ಮ ಕರಾವಳಿಯ ಕಥೊಲಿಕರನ್ನು ಹಿಡಿದೊಯ್ದ ಶ್ರೀರಂಗಪಟ್ಟಣದ ಸೆರೆಯ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ನನಗೆ ನಮ್ಮ ವಾಡೊದ, ಅಂದರೆ ಇಗರ್ಜಿಯ ಒಂದು ವಾರ್ಡಿನ, ಕೂಟ ನೆನಪಾಯಿತು. ವಾಡೊದ ಮುಖ್ಯಸ್ಥ ಗುರ್ಕಾರ್ ಮನೆ ಮನೆಗೆ ಬಂದು ಹೇಳುವುದು, ಚಾಪೆ ಹಾಸುವುದು, ಕೊನೆಗೆ ಎಲ್ಲರಿಗೂ ಚಾ.

ಇನ್ನೊಂದು. ಅಲ್ಲಿನ ಸರಕಾರಿ ಟಿವಿಯಲ್ಲಿ ಸಂಜೆ ಸರಿಯಾಗಿ ಆರು ಗಂಟೆಗೆ ಘಂಟೆ ಬಾರಿಸುತ್ತದೆ. ಹದಿನೆಂಟು ಪೆಟ್ಟು: ಮೂರು, ಮೂರು, ಮೂರು, ಆಮೇಲೆ ಒಂಬತ್ತು. ನಮ್ಮ ಆಮೊರಿಯೇ, ಮರಿಯಮ್ಮನ ಪ್ರಾರ್ಥನೆಗೆ ಬಾರಿಸುವ ಘಂಟೆ! ಅದಕ್ಕೆ ವಾರ್ತೆ ಶುರುವಾಗುವುದು 6.01ಕ್ಕೆ. ರೇಡಿಯೋದಲ್ಲಿ 1950ರಿಂದ, ಟಿವಿಯಲ್ಲಿ 60ರ ದಶಕದಿಂದ ನಡೆದುಬಂದಿದೆ. ಎಷ್ಟು ಜನ ಶಿಲುಬೆ ಗುರುತು ಹಾಕುತ್ತಾರೋ ಬೇರೆ ಮಾತು. ನಾನು ಮಾತ್ರ ದಿನಾ ಎದ್ದು ನಿಲ್ಲುತ್ತಿದ್ದೆ.

ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಮನೆ ಮನೆಯ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ ಬರುತ್ತದೆ. ಟ್ರೋಕರಾ ಡಬ್ಬಿ. ಐರಿಷ್ ಭಾಷೆಯಲ್ಲಿ ಟ್ರೋಕರಾ ಅಂದರೆ ಕರುಣೆ. ಅಲ್ಲಿನ ಬಿಷಪರು 1973ರಲ್ಲಿ ಬಡ ದೇಶಗಳಿಗೆ ನೆರವಾಗಲು ಕಟ್ಟಿದ ಸಂಸ್ಥೆ ಅದು. ಮಕ್ಕಳು ಚಾಕಲೇಟು ಬಿಟ್ಟು ಆ ದುಡ್ಡು ಹಾಕುತ್ತಾರೆ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತ ದೇಶ ಅದು. ಹೊರಟುಹೋದವರೂ ಅಷ್ಟೇ. ಹಸಿವಿನ ಮಾತು ಬಂದರೆ ಅವರಿಗೆ ಜಾಸ್ತಿ ವಿವರಿಸಬೇಕಿಲ್ಲ.

ನಮ್ಮ ಊರಿನ ಇಗರ್ಜಿಗಳಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ಪಾವ್ಲ್ ಸಭೆ ಇದೆ ಅಲ್ವಾ? ಅಲ್ಲೂ ಇದೆ, 1844ರಿಂದ. ಇಬ್ಬಿಬ್ಬರಾಗಿ ಮನೆಗೆ ಹೋಗುತ್ತಾರೆ. ಕರೆಂಟು ಬಿಲ್ಲು ಕಟ್ಟಲಾಗದವರು, ಮಕ್ಕಳಿಗೆ ಶಾಲೆ ಪುಸ್ತಕ ಕೊಡಿಸಲಾಗದವರು, ಮಾತಾಡಲು ಯಾರೂ ಇಲ್ಲದ ಮುದುಕರು. ಜಾತಿ ಧರ್ಮ ಕೇಳುವುದಿಲ್ಲ. ಡಬ್ಲಿನ್ನಿನಲ್ಲಿ ಕಪುಚಿನ್ ಸಭೆಯ ಬ್ರದರ್ ಕೆವಿನ್ ಕ್ರೌಲಿ 1969ರಲ್ಲಿ ಒಂದು ಊಟದ ಮನೆ ಶುರುಮಾಡಿದರು. ಪೋಪ್ ಫ್ರಾನ್ಸಿಸ್ 2018ರಲ್ಲಿ ಐರ್ಲೆಂಡಿಗೆ ಬಂದಾಗ ಅಲ್ಲಿಗೂ ಹೋದರು. ಬಾಗಿಲಿಗೆ ಬಂದವರನ್ನು ಯಾರು, ಯಾಕೆ ಅಂತ ಕೇಳದೆ ಊಟ ಬಡಿಸುತ್ತಾರೆ.

ಹಾಗಾಗಿ ತಂಗೀ, ಮಗಳಿಗೆ ಒಂದು ಮಾತು ಹೇಳಿ. ಕಾಸರಗೋಡಿನ ಹುಡುಗಿಗೆ ಮಲಯಾಳಂ ಬರುತ್ತದೆ. ಅಲ್ಲಿ ಕೇರಳದ ಸಿರೋ ಮಲಬಾರ್ ವಿಧಿಯ ಕಥೊಲಿಕ ನರ್ಸುಗಳ ಮಲಯಾಳಂ ಪೂಜೆ ಇದೆ. ಹೋಗಲಿ, ಅದು ದೊಡ್ಡ ಆಸರೆ. ಆದರೆ ಅಲ್ಲೇ ನಿಂತುಬಿಡುವುದು ಬೇಡ. ನಾವು ಲ್ಯಾಟಿನ್ ವಿಧಿಯವರು, ಐರಿಷರೂ ಅದೇ ವಿಧಿಯವರು. ಪೂಜೆಯ ಕ್ರಮ ಒಂದೇ. ಪಕ್ಕದ ಇಗರ್ಜಿಗೆ ಹೋಗಿ, ಪೂಜೆ ಮುಗಿದ ಮೇಲೆ ಸುಮ್ನೆ ಓಡಿಬರದೆ ಪಾದ್ರಿಗೆ ಹೆಸರು ಹೇಳಲಿ. ವಾಚನ ಓದಲು ಜನ ಬೇಕು, ಹಾಡಲು ಜನ ಬೇಕು. ನನ್ನ ಮಗಳು ಮೂರು ವರ್ಷ ಹಿಂದಿನ ಬೆಂಚಲ್ಲಿ ಒಬ್ಬಳೇ ಕೂತಿದ್ದಳು. ಹಾಡುವ ಗುಂಪಿಗೆ ಸೇರಿದ ಮೇಲೆ ಊರಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಸಿಕ್ಕಿದರು.

*ಟೀಚರೇ, ನಾನು ಹಿಂದೂ. ಒಂದು ಊರಿನ ಬಿಷಪರು ಬೇರೆ ದೇಶದಲ್ಲಿ ಇರುವುದು ಹೇಗೆ?* – ನಿವೃತ್ತ ಗುಮಾಸ್ತ, ಮುಳ್ಳೇರಿಯ

ಅಣ್ಣಾ, ಇದು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗುತ್ತದೆ? 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ನನ್ನ ಇಗರ್ಜಿ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಅಂದರೆ ಮಂಗಳೂರಿನ ಬಿಷಪರ ಕೆಳಗೇ, ಉಳಿಯಿತು. ರೇಷನ್ ಕಾರ್ಡು ಕೇರಳದ್ದು, ಬಿಷಪರು ಕರ್ನಾಟಕದಲ್ಲಿ.

ಐರ್ಲೆಂಡಿನಲ್ಲೂ ಹಾಗೇ. ಧರ್ಮಪ್ರಾಂತ್ಯಗಳ ಗಡಿ ಗೊತ್ತುಮಾಡಿದ್ದು 1111 ಮತ್ತು 1152ರ ಸಭೆಗಳಲ್ಲಿ. ದೇಶ ಎರಡಾದದ್ದು 1921ರಲ್ಲಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆ ಉಳಿಯಿತು. ಬಿಷಪರು ತಮ್ಮ ಗಡಿ ಬದಲಿಸಲಿಲ್ಲ. ಅರ್ಮಾ, ಡೆರಿ, ಕ್ಲಾಹರ್ ಧರ್ಮಪ್ರಾಂತ್ಯಗಳು ಇವತ್ತಿಗೂ ಎರಡೂ ಕಡೆ ಹರಡಿವೆ. ಡ್ರಾಹೆಡಾ ಐರ್ಲೆಂಡ್ ಗಣರಾಜ್ಯದಲ್ಲಿದೆ, ಅದರ ಆರ್ಚ್‌ಬಿಷಪರ ಪೀಠ ಇರುವ ಅರ್ಮಾ ಗಡಿಯ ಆಚೆ. 1681ರಲ್ಲಿ ಲಂಡನ್ನಿನಲ್ಲಿ ಕೊಲ್ಲಿಸಿದ ಅರ್ಮಾದ ಆರ್ಚ್‌ಬಿಷಪ್, ಸಂತ ಒಲಿವರ್ ಪ್ಲಂಕೆಟ್ ಅವರ ತಲೆಯನ್ನು ಡ್ರಾಹೆಡಾದ ಇಗರ್ಜಿಯಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ನಾನು ನೋಡಿದೆ. ಮೊದಲ ಸಲ ಎದೆ ಝಲ್ಲೆಂದಿತು, ಆಮೇಲೆ ವಾರ ವಾರ ಅವರ ಮುಂದೆ ದೀಪ ಹಚ್ಚುತ್ತಿದ್ದೆ.

ಅರ್ಮಾಗೂ ಹೋಗಿದ್ದೆ. ಗಡಿಯಲ್ಲಿ ಗೇಟಿಲ್ಲ, ಪೊಲೀಸಿಲ್ಲ. ರಸ್ತೆ ಬದಿಯ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂತು, ಅಂಗಡಿಯಲ್ಲಿ ಯೂರೋ ಹೋಗಿ ಪೌಂಡ್ ಬಂತು. ಅಷ್ಟೇ. ಆದರೆ ನನ್ನ ಮಗಳು ಹುಟ್ಟುವ ಕಾಲಕ್ಕೆ ಅಲ್ಲಿ ಸೈನಿಕರ ಚೌಕಿಗಳಿದ್ದವು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆ ಇರಬೇಕು ಅನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ನಡೆದ ಮೂವತ್ತು ವರ್ಷದ ಆ ಹೊಡೆದಾಟದಲ್ಲಿ ಸುಮಾರು 3,500 ಜನ ಸತ್ತರು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾರಿ ಮುಚ್ಚಿದಾಗ ನಮ್ಮ ನೆರೆಮನೆಯವರು ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗಲಾಗದೆ ಎಷ್ಟು ಕಷ್ಟಪಟ್ಟರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವಾರಗಳೇ ಅಷ್ಟು ಭಾರವಾದರೆ, ಮೂವತ್ತು ವರ್ಷ?

ಆ ಹೊಡೆದಾಟದ ನಡುವೆ ಒಬ್ಬ ಪಾದ್ರಿ ಇದ್ದರು, ಅಲೆಕ್ ರೀಡ್. ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠದವರು. 1988ರ ಮಾರ್ಚ್‌ನಲ್ಲಿ ಒಂದು ಶವಯಾತ್ರೆಯ ನಡುವೆ ಸಿಕ್ಕಿಬಿದ್ದ ಇಬ್ಬರು ಬ್ರಿಟಿಷ್ ಸೈನಿಕರನ್ನು ಹೊಡೆದು ಗುಂಡಿಕ್ಕಿ ಕೊಂದರು. ಈ ಪಾದ್ರಿ ತಡೆಯಲು ನೋಡಿದರು, ಆಗಲಿಲ್ಲ. ಕೊನೆಗೆ ಸೈನಿಕನ ಪಕ್ಕ ಮೊಣಕಾಲೂರಿ ಅಂತಿಮ ಪ್ರಾರ್ಥನೆ ಹೇಳಿದರು. ಅವರ ಫೋಟೊ ಲೋಕವೆಲ್ಲ ನೋಡಿತು. ಎದುರಾಳಿಗಳು ಗುಟ್ಟಾಗಿ ಕೂತು ಮಾತಾಡಲು ಅವರು ವರ್ಷಗಟ್ಟಲೆ ದಾರಿ ಮಾಡಿಕೊಟ್ಟರು. 1998ರ ಶುಭ ಶುಕ್ರವಾರದಂದು ಒಪ್ಪಂದ ಆಯಿತು. 2005ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಗುಂಪು ಬಂದೂಕು ಕೈಬಿಟ್ಟಾಗ ಸಾಕ್ಷಿಯಾಗಿ ನಿಂತವರು ಇಬ್ಬರು: ಅಲೆಕ್ ರೀಡ್ ಮತ್ತು ಪ್ರೊಟೆಸ್ಟೆಂಟರ ಮೆಥೊಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್. ಪ್ರಾರ್ಥನೆ ಬೇರೆ, ಊರಿನ ಕೆಲಸ ಬೇರೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

*ಬರಿಗಾಲಲ್ಲಿ ದ್ವೀಪದಲ್ಲಿ ಮೂರು ದಿನ ಉಪವಾಸ ಮಾಡುತ್ತಾರಂತೆ, ನಿಜವಾ?* – ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ನಿಜ ತಮ್ಮಾ. ಡೊನಿಗಾಲ್ ಕೌಂಟಿಯ ಲಾಕ್ ಡರ್ಗ್ ಎಂಬ ಸರೋವರದ ದ್ವೀಪ. ಬೇಸಿಗೆಯಲ್ಲಿ ಮಾತ್ರ. ದ್ವೀಪಕ್ಕೆ ಇಳಿದ ಕೂಡಲೇ ಚಪ್ಪಲಿ ಬಿಡಬೇಕು. ಹಳೆಯ ಸನ್ಯಾಸಿಗಳ ಗುಡಿಸಲಿನ ಕಲ್ಲುಗಳ ಸುತ್ತ ಜಪ ಹೇಳುತ್ತಾ ಸುತ್ತಬೇಕು. ಒಂದು ರಾತ್ರಿ ಪೂರ್ತಿ ನಿದ್ದೆ ಇಲ್ಲ. ದಿನಕ್ಕೆ ಒಂದೇ ಊಟ: ಒಣ ಬ್ರೆಡ್ಡು, ಹಾಲಿಲ್ಲದ ಚಹಾ. ನನ್ನ ಮೊಣಕಾಲು ಬಿಡಲಿಲ್ಲ, ನಾನು ಹೋಗಲಿಲ್ಲ. ಮಗಳ ವಾರ್ಡಿನ ಒಬ್ಬ ಡಾಕ್ಟರ್ ಹೋಗಿಬಂದಿದ್ದರು. ಎರಡನೆಯ ದಿನ ಬೆಳಿಗ್ಗೆ ಪಕ್ಕದವರು ಹಿಡಿದುಕೊಳ್ಳದಿದ್ದರೆ ನಿಂತಲ್ಲೇ ಬೀಳುತ್ತಿದ್ದೆ ಅಂದರು.

*ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಕಥೊಲಿಕ ಸಭೆ ಅಲ್ಲವೇ ಅದು? ಅದನ್ನು ಹೊಗಳಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?* – ಓದುಗ, ಉಪ್ಪಳ

ನೀವು ಕೇಳಿದ್ದು ಸರಿ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಇದನ್ನು ಹಗುರವಾಗಿ ಹೇಳಲು ಬರುವುದಿಲ್ಲ. 2009ರಲ್ಲಿ ಎರಡು ದೊಡ್ಡ ತನಿಖಾ ವರದಿಗಳು ಬಂದವು. ಸಭೆಯವರು ನಡೆಸಿದ ಶಾಲೆಗಳಲ್ಲಿ ಮಕ್ಕಳನ್ನು ಹೊಡೆದದ್ದು, ಕೆಡಿಸಿದ್ದು, ಡಬ್ಲಿನ್ನಿನಲ್ಲಿ ದೊಡ್ಡವರು ಅದನ್ನು ಮುಚ್ಚಿಟ್ಟದ್ದು ಎಲ್ಲ ಅದರಲ್ಲಿದೆ. ಸನ್ಯಾಸಿನಿಯರು ನಡೆಸಿದ ಮ್ಯಾಗ್ಡಲಿನ್ ಲಾಂಡ್ರಿಗಳಲ್ಲಿ ಹೆಣ್ಣುಮಕ್ಕಳನ್ನು ಕೂಲಿ ಇಲ್ಲದೆ ಬಟ್ಟೆ ಒಗೆಸಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ. ಮದುವೆಯಾಗದೆ ಬಸುರಾದವರನ್ನು ಇಟ್ಟ ಮನೆಗಳ ವರದಿ 2021ರಲ್ಲಿ ಬಂತು. ತನಿಖೆಯಾದ 18 ಮನೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು. ಸರಕಾರ ಕ್ಷಮೆ ಕೇಳಿತು. ಪೋಪ್ ಕೂಡ 2018ರಲ್ಲಿ ಡಬ್ಲಿನ್ನಿನ ಪೂಜೆಯಲ್ಲಿ ಎಲ್ಲರೆದುರು ಕ್ಷಮೆ ಬೇಡಿದರು. ಅಷ್ಟರಿಂದ ಗಾಯ ಮಾಯುತ್ತದೆ ಅಂತ ನಾನು ಹೇಳುವುದಿಲ್ಲ.

ಮಗಳ ಬೀದಿಯಲ್ಲಿ ಒಬ್ಬ ಅಜ್ಜಿ. ಪೂಜೆಗೆ ಕಾಲಿಡುವುದಿಲ್ಲ. ಆದರೆ ವಿನ್ಸೆಂಟ್ ಸಭೆಯ ಅಂಗಡಿಯಲ್ಲಿ ಪ್ರತಿ ಗುರುವಾರ ಹಳೆಬಟ್ಟೆ ಮಡಚಿ ಇಡುತ್ತಾರೆ. ಯಾಕೆ ಬರುವುದಿಲ್ಲ ಅಂತ ನಾನು ಕೇಳಲಿಲ್ಲ. ಒಂದು ದಿನ ಅವರೇ ತಂಗಿಯ ಹೆಸರು ಹೇಳಿದರು, ಲಾಂಡ್ರಿ ಅಂದರು, ಮತ್ತೆ ಸುಮ್ಮನಾದರು. ನಾವಿಬ್ಬರೂ ಆ ದಿನ ತುಂಬ ಹೊತ್ತು ಬಟ್ಟೆ ಮಡಚಿದೆವು. ನಾನು ಹೊಗಳಿದ್ದು ಇಂಥವರನ್ನು.

ಈಗ ಅಲ್ಲಿನ ಇಗರ್ಜಿಗಳ ಬಾಗಿಲಲ್ಲೇ ಒಂದು ಬೋರ್ಡು ಇರುತ್ತದೆ. ಮಗುವಿಗೆ ತೊಂದರೆಯಾದರೆ ಯಾರಿಗೆ ಹೇಳಬೇಕು, ಅವರ ಹೆಸರು, ಫೋನ್ ನಂಬರು. ಪೊಲೀಸರ ನಂಬರೂ ಇರುತ್ತದೆ. ಅಂಥ ಬೋರ್ಡು ನಮ್ಮ ಎಲ್ಲ ಇಗರ್ಜಿ, ಶಾಲೆ, ಹಾಸ್ಟೆಲುಗಳ ಬಾಗಿಲಲ್ಲೂ ಬೇಕು. ಇದನ್ನು ನಾನು ನಮ್ಮ ವಾಡೊದ ಕೂಟದಲ್ಲೂ ಎದ್ದು ನಿಂತು ಹೇಳಿದ್ದೇನೆ.

*ಮಗಳ ಪೆಟ್ಟಿಗೆಯಲ್ಲಿ ಏನೇನು ಇಡಲಿ?* – ಮತ್ತೆ ಬೇಳದ ತಾಯಿ

ದಪ್ಪ ಕಾಲುಚೀಲ, ಒಳ್ಳೆಯ ಮಳೆ ಕೋಟು. ಚಳಿಗಾಲದಲ್ಲಿ ನಾಲ್ಕು ಗಂಟೆ ದಾಟಿದರೆ ಕತ್ತಲು, ಆಗ ಮನಸ್ಸು ಕುಗ್ಗುತ್ತದೆ. ಜಪಮಾಲೆ ಇಡಿ. ಗರಿಗಳ ಭಾನುವಾರ ನೀವು ತೆಂಗಿನ ಗರಿಯಲ್ಲಿ ಹೆಣೆದ ಶಿಲುಬೆ ಇದ್ದರೆ ಅದನ್ನೂ ಇಡಿ. ಅಲ್ಲಿ ಫೆಬ್ರವರಿ 1ಕ್ಕೆ ಸಂತ ಬ್ರಿಜಿಡ್ ಹಬ್ಬ. ಜವುಗು ಹುಲ್ಲಿನಲ್ಲಿ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. 2023ರಿಂದ ಆ ಹಬ್ಬಕ್ಕೆ ರಜೆಯೂ ಇದೆ. ನನ್ನ ಮಗಳ ಬಾಗಿಲ ಮೇಲೆ ಎರಡೂ ಇವೆ.

ಇನ್ನು ತೇರ್ಸ್. ನೀವು ಸಂಜೆ ಏಳೂವರೆಗೆ ಶುರುಮಾಡುವಾಗ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಎರಡು, ಬೇಸಿಗೆಯಲ್ಲಿ ಮೂರು. ರಾತ್ರಿ ಪಾಳಿ ಮುಗಿಸಿದ ದಿನ ಅವಳು ಆ ಹೊತ್ತಿಗೆ ನಿದ್ದೆಯಿಂದ ಎದ್ದಿರುತ್ತಾಳೆ. ಫೋನು ಸ್ಪೀಕರಿಗೆ ಹಾಕಿ ಮನೆಯ ಅಲ್ತಾರಿನ (ದೇವರ ಪೀಠದ) ಪಕ್ಕ ಇಡಿ. ನಾವು ಹಾಗೇ ಮಾಡುತ್ತೇವೆ. ಜಪಮಾಲೆಯ ನಾಲ್ಕನೆಯ ದಶಕ, ಆ ಹತ್ತು ಮಣಿ, ಯಾವಾಗಲೂ ಅವಳದು.