ಕನಸಲ್ಲಿ ಬಿಟ್ಟು ಹೋದರು, ಬೆಳಿಗ್ಗೆ ಹಾಲು ಕಾಯಿಸುತ್ತಿದ್ದರು

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ಎರಡು ಮೂರು ಸಲ ಬೆಳಗಿನ ಜಾವ ಕೆಟ್ಟ ಕನಸು ಬೀಳುತ್ತದೆ. ಮೊನ್ನೆ ಯಜಮಾನರು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದ ಹಾಗೆ ಕಂಡೆ. ಎದ್ದು ನೋಡಿದರೆ ಪಾಪ, ಹಾಲು ಕಾಯಿಸುತ್ತಿದ್ದರು. ಆದರೂ ಮಧ್ಯಾಹ್ನದವರೆಗೆ ಅವರ ಜೊತೆ ನೆಟ್ಟಗೆ ಮಾತಾಡಲು ಆಗಲಿಲ್ಲ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ಅತ್ತೆ ಬೇರೆ ಹೇಳುತ್ತಾರೆ. ಮೈಗ್ರೇನಿಗೆ ಎರಡು ತಿಂಗಳಿಂದ ಪ್ರೊಪ್ರನೊಲಾಲ್ ಮಾತ್ರೆ ತಗೊಳ್ಳುತ್ತಿದ್ದೇನೆ. ಬೇರೆ ಕಾಯಿಲೆ ಇಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಮಾತ್ರೆಯ ಮೇಲೆ. ಪ್ರೊಪ್ರನೊಲಾಲ್ ತಗೊಳ್ಳುವ ಕೆಲವರಿಗೆ ಕನಸು ಜಾಸ್ತಿಯಾಗುತ್ತದೆ, ಕೆಟ್ಟ ಕನಸೂ ಬೀಳುತ್ತದೆ. ಈ ಕನಸುಗಳು ಶುರುವಾಗಿದ್ದು ಯಾವಾಗ, ಮಾತ್ರೆಗೆ ಮುಂಚೆಯೋ ಆಮೇಲೋ? ಆಮೇಲೆ ಅಂತಾದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಅದು ಹೃದಯಕ್ಕೆ ತೊಂದರೆ ಕೊಡಬಹುದು.

ಇನ್ನು ಅತ್ತೆಯವರ ಮಾತು. ಬೆಳಗಿನ ಜಾವದ ಕನಸಿಗೆ ಕಸುವು ಜಾಸ್ತಿ ಅನ್ನುವುದೇನೋ ಹೌದು, ಆದರೆ ನಿಜವಾಗುತ್ತದೆ ಅನ್ನುವುದು ಸುಳ್ಳು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಕಣ್ಣುಗುಡ್ಡೆ ಓಡಾಡುವ ರೆಮ್ ನಿದ್ದೆ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ. ಬೆಳಗಾಗುತ್ತಾ ಅರ್ಧ ಗಂಟೆಗೂ ಬೆಳೆಯಬಹುದು. ಕಣ್ಣಿಗೆ ಕಟ್ಟುವಂಥ ಕನಸು ಹೆಚ್ಚಾಗಿ ಆಗಲೇ ಬೀಳುವುದು. ಆ ಹೊತ್ತಿಗೆ ಮಿದುಳಿನಲ್ಲಿ ಭಯ, ಸಿಟ್ಟು ಹುಟ್ಟಿಸುವ ಅಮಿಗ್ಡಲಾ ಜೋರಾಗಿರುತ್ತದೆ. 'ಏ, ಇದೆಲ್ಲ ಆಗೋ ಮಾತಾ?' ಅಂತ ತಡೆಯಬೇಕಾದ ಹಣೆಯ ಹಿಂದಿನ ಭಾಗ ತೂಕಡಿಸುತ್ತಿರುತ್ತದೆ. ಅಲಾರಂ ಹೊಡೆದು ನಡುವೆಯೇ ಎದ್ದಿರೋ, ಕಥೆ ಸುಳ್ಳು ಅಂತ ಗೊತ್ತಾಗುತ್ತದೆ, ಎದೆ ಮಾತ್ರ ಇನ್ನೂ ಡವಡವ. ಬಸ್ ಸ್ಟ್ಯಾಂಡ್ ಇರಲಿಲ್ಲ, ಆದರೆ ಹೊಟ್ಟೆಯಲ್ಲಿ ಆದ ಸಂಕಟ ನಿಜವಾಗಿಯೂ ಆಗಿದೆ ಅಲ್ವಾ? ಅದಕ್ಕೊಂದು ಕಾರಣ ಹುಡುಕುವಾಗ ಎದುರಿಗೆ ಸಿಕ್ಕಿದ್ದು ಯಜಮಾನರು.

ಹಾಗಾಗಿ ಎದ್ದ ಮೊದಲ ಅರ್ಧ ಗಂಟೆ ಯಾವ ತೀರ್ಮಾನವೂ ಬೇಡ. ಮುಖ ತೊಳೆದು, 'ಕೆಟ್ಟ ಕನಸು ಬಿತ್ತು ಕಣ್ರೀ, ಅದಕ್ಕೇ ಮೂಡ್ ಸರಿಯಿಲ್ಲ' ಅಂತ ಅವರಿಗೇ ಹೇಳಿಬಿಡಿ. ಸುಮ್ನೆ ಮುಖ ಊದಿಸಿಕೊಂಡು ಕೂತರೆ ಸಂಜೆಗೆ ನಿಜವಾದ ಜಗಳವೇ ಆಗುತ್ತದೆ. ರಾತ್ರಿ ಅದೇ ಕನಸಿಗೆ ಮೇವು.

ಕೆಟ್ಟ ಕನಸೆಲ್ಲ ಕೇಡಲ್ಲ ಅಂತಲೂ ತಿಳಿದಿರಲಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ರೊಸಾಲಿಂಡ್ ಕಾರ್ಟ್‌ರೈಟ್ ವಿಚ್ಛೇದನದ ನೋವಿನಿಂದ ಖಿನ್ನತೆಗೆ ಬಿದ್ದವರ ಕನಸುಗಳನ್ನು ಅಧ್ಯಯನ ಮಾಡಿದ್ದರು. ಬಿಟ್ಟುಹೋದ ಸಂಗಾತಿ ಕನಸಲ್ಲಿ ಬಂದು ಕಾಡಿದವರೇ ಮುಂದೆ ಹೆಚ್ಚಾಗಿ ಚೇತರಿಸಿಕೊಂಡಿದ್ದರು.

ಒಂದೇ ಕನಸು ಮತ್ತೆ ಮತ್ತೆ ಬಂದರೆ ಹಗಲಲ್ಲೇ ಅದರ ಕೊನೆ ಬದಲಿಸಿ ಬರೆಯಿರಿ. ಯಜಮಾನರು ಬಸ್ ಇಳಿದು ವಾಪಸ್ ಬಂದರು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಹೀಗೆ ಏನಾದರೂ. ದಿನಕ್ಕೆ ಹತ್ತು ನಿಮಿಷ ಆ ಹೊಸ ಕೊನೆಯನ್ನೇ ಕಣ್ಮುಂದೆ ತಂದುಕೊಳ್ಳಿ. ಬಾಲಿಶ ಅನಿಸಬಹುದು, ಆದರೆ ಮನೋವೈದ್ಯರು ಬಳಸುವ ವಿಧಾನವೇ ಇದು.

ಇಷ್ಟಾದರೂ ಮಲಗಲು ಹೆದರಿಕೆಯಾದರೆ, ದಿನವಿಡೀ ಬೇಸರ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.